ಗೇಟಿನ ಯಂತ್ರದ ಕನ್ನಡ

ಫ್ಯಾಕ್ಟರೀನ ಸ್ಮಾರ್ಟ್ ಮಾಡ್ತೀನಿ ಅಂತ ಹರಿಹರದ ಪಂಪು ಫ್ಯಾಕ್ಟರಿ ಗೇಟಿಗೆ ಮ್ಯಾನೇಜರ್ ಇಂದುಶೇಖರ ಮಾತಾಡೋ ಯಂತ್ರ ತಂದು ಕೂರಿಸಿದ. ಬಂದೋರು, ಹೋಗೋರು ಅದರ ಮುಂದೆ ಬಾಯಿಬಿಟ್ಟು ಹೇಳ್ಬೇಕು, ಹಾಜರಿ ಅದೇ ಹಾಕುತ್ತೆ. ಆದ್ರೆ ಮನೆಗೆ ಹೊರಟೋರು ಯಾರಾದ್ರೂ 'ಹೋಗ್ತೀನಿ' ಅಂತಾರೇನ್ರೀ? ಎಲ್ಲಾ 'ಬರ್ತೀನಿ' ಅಂದ್ರು. ಯಂತ್ರ ಎಲ್ಲರನ್ನೂ ಈಗಷ್ಟೇ ಒಳಗೆ ಬಂದೋರು ಅಂತ ಬರ್ಕೊಳ್ತು.

ಇಂದುಶೇಖರ ಕೆಂಡವಾದ. "ಇವತ್ತಿಂದ 'ಹೋಗ್ತೀನಿ' ಅನ್ನದವ್ರಿಗೆ ಕೆಲಸ ಇಲ್ಲ! ಏಯ್ ಹಾಲಮ್ಮ, ಮೊದ್ಲು ನೀನೇ ಹೇಳು."

ಪ್ಯಾಕಿಂಗ್ ಹಾಲಮ್ಮ ಸೆರಗು ಸರಿಮಾಡ್ಕೊಂಡ್ಲು. ಕೆಲಸ ಬೇಕು, ಆದ್ರೆ ಶುಕ್ರವಾರ ಸಂಜೆ ಅಂಥ ಮಾತು ಆಡೋದಾ?

"ಅಂದು ರೂಢಿ ಇಲ್ಲ ಸಾರ್. ನೀವೊಂದ್ಸಲ ಅಂದು ತೋರ್ಸಿ."

ಸಾಹೇಬ ಯಂತ್ರದ ಮುಂದೆ ಎದೆಯುಬ್ಬಿಸಿ ನಿಂತ. "ಹೋಗ್ತೀನಿ!"

"ಅಯ್ಯಯ್ಯೋ, ಬಿಡ್ತು ಅನ್ನಿ ಸಾರ್! ದೀಪ ಹಚ್ಚೋ ಹೊತ್ತಲ್ಲಿ ಇದೆಂಥ ಮಾತು!"

ಎಷ್ಟು ಓದಿದ್ರೇನು, ಅಮ್ಮ ತಿದ್ದಿದ ನಾಲಿಗೆ. "ಬಿಡ್ತು, ಬಿಡ್ತು!" ಅಂದೇಬಿಡ್ತು.

"ಕೆಲಸ ಬಿಟ್ಟಿದ್ದು ದಾಖಲಾಯ್ತು. ಶುಭವಾಗಲಿ," ಅಂತು ಯಂತ್ರ. ಮೊನ್ನೆ ವಾಚ್‌ಮನ್ 'ಬೀಡಿ ಬಿಟ್ಟೆ' ಅಂದಾಗ್ಲೂ ಅದು ಇದನ್ನೇ ಅಂದಿತ್ತು. ಹಾಲಮ್ಮ ಮರ್ತಿರ್ಲಿಲ್ಲ.

"ಏಯ್, ನಾನು ಮ್ಯಾನೇಜರ್ ಇಂದುಶೇಖರ ಕಣೋ!"

"ಕ್ಷಮಿಸಿ, ಆ ಹೆಸರಿನವರು ಇಲ್ಲಿಲ್ಲ."

ಇಡೀ ಶಿಫ್ಟು ಹೊಟ್ಟೆ ಹಿಡ್ಕೊಂಡು ನಕ್ಕಿತು. ಸಾಹೇಬ ಬೆವರೊರೆಸ್ಕೊಂಡು ಯಂತ್ರಕ್ಕೊಂದು ಗುದ್ದಿದ. "ಥೂ, ಈ ದರಿದ್ರಕ್ಕೆ ಕನ್ನಡಾನೇ ಬರಲ್ಲ! ನಾಳೆನೇ ಕಲಿಸ್ತೀನಿ."

"ಕಲ್ಸಿ ಸಾರ್, ಪಾಪ," ಅಂದ್ಲು ಹಾಲಮ್ಮ ಬುತ್ತಿಚೀಲ ಹೆಗಲಿಗೇರಿಸಿ. "ನಾವಿನ್ನು ಬರ್ತೀವಿ."