ಮುಳುಗಣ್ಣನ ಅರ್ಧ ಪ್ರಶ್ನೆ

ಮುತ್ತುಗದ ಕಾಡಿನ ನಡುವೆ ಒಂದು ಕೊಳವಿತ್ತು. ಕೊಳದ ದಡದಲ್ಲಿ ಜೊಂಡು, ಜೊಂಡಿನ ಪಕ್ಕ ಒಂದು ಹಳೆಯ ಹುಣಸೆಮರ, ಮರದ ಬುಡದಲ್ಲಿ ಒಂದು ಕಂಪ್ಯೂಟರ್. ಕಾಡಿಗೆ ಕಂಪ್ಯೂಟರ್ ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ ಮಕ್ಕಳೇ. ಪ್ರಾಣಿಗಳು ಮಾತಾಡುತ್ತವೆ ಅಂದರೆ ಸುಮ್ಮನೆ ತಲೆಯಾಡಿಸುತ್ತೀರಿ, ಇದಕ್ಕೆ ಮಾತ್ರ ಹುಬ್ಬೇರಿಸುತ್ತೀರಲ್ಲ! ಇತ್ತು, ಅಷ್ಟೇ.

ಅದಕ್ಕೆ ಪ್ರೋಗ್ರಾಂ ಬರೆಯುವುದನ್ನು ಪ್ರಾಣಿಗಳಿಗೆಲ್ಲ ಕಲಿಸುತ್ತಿದ್ದವಳು ಮುಳ್ಳಜ್ಜಿ ಎಂಬ ಮುಳ್ಳುಹಂದಿ. ಪ್ರೋಗ್ರಾಂ ಅಂದರೆ ಹೆದರುವಂಥದ್ದೇನಲ್ಲ. ಕಂಪ್ಯೂಟರ್ ಏನೇನು ಮಾಡಬೇಕು ಅನ್ನುವುದನ್ನು ಸಾಲು ಸಾಲಾಗಿ ಬರೆದು ಕೊಡುವುದು. ಬರೆದಷ್ಟನ್ನು ಅದು ಮಾಡುತ್ತದೆ. ಬರೆಯದ್ದನ್ನು ಮಾಡುವುದಿಲ್ಲ.

ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಕಲಿಸುವುದರಲ್ಲಿ ಎತ್ತಿದ ಕೈ. ಸಂಜೆ ಸಂಜೆ ಪಾಠ. ಪಾಠದಲ್ಲಿ ಒಂದೇ ಕಟ್ಟಪ್ಪಣೆ: ಯಾರಿಗೆ ಏನು ತೊಡಕಾದರೂ ಕಂಪ್ಯೂಟರಿನ ಮುಂದೆ ಕೂತೇ ಕೇಳಬೇಕು. ತಾನು ಬರೆದದ್ದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದಬೇಕು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಏನಾದರೂ ಬಂದಿದ್ದರೆ ಅದನ್ನೂ ಓದಬೇಕು. ಪ್ರಶ್ನೆ ಆಮೇಲೆ.

ಉಳಿದವರಿಗೆ ಇದು ಪುಕ್ಕಟೆ ತಮಾಷೆ. ಒಮ್ಮೆ ಕೆಂಚ ಎಂಬ ಕೆಂದಳಿಲು, ಹದ್ದು ಬಂದರೆ ಗಂಟೆ ಬಾರಿಸುವ ಪ್ರೋಗ್ರಾಂ ಬರೆಯಲು ಹೋಗಿ, ಹದ್ದು ಬಾರದೆ ಇದ್ದರೆ ಬಾರಿಸು ಅಂತ ಬರೆದುಬಿಟ್ಟಿದ್ದ. ಬೆಳಗಿನಿಂದ ಸಂಜೆತನಕ ಢಣಢಣ ಢಣಢಣ. ಅವನು ಅದನ್ನು ಎಲ್ಲರೆದುರು ಓದಿದಾಗ ಕಪ್ಪೆಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಕೆಂಚ ತಾನೂ ನಕ್ಕ. ಅಲ್ಲೇ ತಿದ್ದಿಕೊಂಡು, ಜಿಗಿಯುತ್ತ ಮರ ಹತ್ತಿದ.

ಆ ದಿನ ನಗದೆ ಕೂತವನು ಮುಳುಗಣ್ಣ ಎಂಬ ನೀರುನಾಯಿ ಒಬ್ಬನೇ. 'ಅಯ್ಯಪ್ಪಾ, ನನಗೆ ಹೀಗಾದರೆ ಮತ್ತೆ ನೀರಿಂದ ತಲೆಯೆತ್ತಲ್ಲ' ಅಂತ ಅವನು ಒಳಗೊಳಗೇ ನಡುಗುತ್ತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಅವನ ಲೆಕ್ಕಾಚಾರ.

ಬೇಸಿಗೆ ಬಂತು. ಕೊಳದ ನೀರು ಇಳಿಯತೊಡಗಿತು. ಹೊಳೆಯಿಂದ ಕೊಳಕ್ಕೆ ಒಂದು ಕಾಲುವೆ ಇತ್ತು, ಕಾಲುವೆಯ ಬಾಯಿಗೆ ಒಂದು ಹಲಗೆಯ ಬಾಗಿಲು. ನೀರು ಇಳಿದಾಗ ಬಾಗಿಲು ತೆರೆದು, ಸಾಕಾದಾಗ ಮುಚ್ಚುವ ಕೆಲಸವನ್ನು ಕಂಪ್ಯೂಟರಿಗೆ ಕಲಿಸಬೇಕಿತ್ತು. ನೀರು ಎಷ್ಟಿರಬೇಕು ಅನ್ನುವುದಕ್ಕೆ ಕೊಳದ ನಡುವಿನ ಕಂಬದ ಮೇಲೆ ಒಂದು ಬಿಳಿ ಗೆರೆ ಎಳೆದಿದ್ದರು.

"ನಾನು ಬರೀತೀನಿ!" ಅಂದ ಮುಳುಗಣ್ಣ.

ಅದನ್ನು ಕೇಳಿ ಜೊಂಡಿನಿಂದ ಹುಂಡಕ್ಕ ಓಡಿ ಬಂದಳು. ಅವಳು ಹುಂಡುಕೋಳಿ, ನೀರಂಚಿನಲ್ಲೇ ಗೂಡು ಕಟ್ಟುವ ಹಕ್ಕಿ. ನೀರು ಕಡಿಮೆಯಾಗಿದ್ದರಿಂದ ಆ ವರ್ಷ ಗೂಡನ್ನು ಬಹಳ ಕೆಳಗೆ ಕಟ್ಟಿದ್ದಳು. ಮೊದಲ ಸಲ ಇಟ್ಟ ಮೊಟ್ಟೆಗಳನ್ನು ಹಾವು ನುಂಗಿತ್ತು. ಈಗ ಮತ್ತೆ ಇಟ್ಟಿದ್ದಳು.

"ಮುಳುಗಣ್ಣ, ನೀರು ಬಿಳಿ ಗೆರೆ ದಾಟಿದರೆ ನನ್ನ ಗೂಡು ಉಳಿಯಲ್ಲಪ್ಪ. ಈ ವರ್ಷ ಇನ್ನು ಮೊಟ್ಟೆ ಇಡೋ ಶಕ್ತಿ ನನಗಿಲ್ಲ. ನಿನಗೆ ಇದೆಲ್ಲ ಸರಿಯಾಗಿ ಬರುತ್ತೆ ತಾನೆ?"

"ಅಕ್ಕ, ನಾನಿರುವಾಗ ನಿನಗೇಕೆ ಚಿಂತೆ? ನಿಶ್ಚಿಂತೆಯಾಗಿ ಕಾವು ಕೂರು" ಅಂದ ಮುಳುಗಣ್ಣ. ಎದೆಯನ್ನೂ ತಟ್ಟಿಕೊಂಡ.

ಅವನು ಕೂತು ಬರೆದ: 'ನೀರು ಬಿಳಿ ಗೆರೆಯಿಂದ ಕೆಳಗಿಳಿದರೆ ಬಾಗಿಲು ತೆರೆ.' ಬರೆದು ನೋಡಿದ. ಖುಷಿಯಾಯಿತು. ನೀರು ಇಳಿದಿತ್ತು, ಬಾಗಿಲು ತೆರೆಯಿತು. ನೀರು ಜುಳುಜುಳು ಬಂತು, ಬಿಳಿ ಗೆರೆ ಮುಟ್ಟಿತು. ಬಾಗಿಲು ಮುಚ್ಚಲಿಲ್ಲ.

ಮುಳುಗಣ್ಣ ಕಾದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಯಾರಾದರೂ ನೋಡಿಬಿಟ್ಟಾರು ಅಂತ ಓದದೆಯೇ ಅಳಿಸಿಬಿಟ್ಟ. ಕಾಲುವೆಗೆ ಓಡಿ, ಹಲಗೆಯ ಮೇಲೆ ಹತ್ತಿ, ಮೈಭಾರವೆಲ್ಲ ಹಾಕಿ ಬಾಗಿಲನ್ನು ಕೆಳಗೆ ತಳ್ಳಿದ.

ಈಗ ಕೇಳಲೇಬೇಕು. ಆದರೆ ಸಂಜೆ, ಎಲ್ಲರೆದುರು, ಕಪ್ಪೆಗಳ ಮುಂದೆ? ಛೇ ಛೇ!

ಮರುದಿನ ಬೆಳಗ್ಗೆ ಮುಳ್ಳಜ್ಜಿ ಗೆಡ್ಡೆ ಗೆಣಸು ತಿಂದು, ತೂಕಡಿಸುತ್ತ ಬಿಲಕ್ಕೆ ಹೊರಟಿದ್ದಳು. ಮುಳ್ಳುಹಂದಿಗಳು ಮಲಗುವುದು ಹಗಲಿನಲ್ಲಿ, ನಿಮಗೆ ಗೊತ್ತಲ್ಲ. ಮುಳುಗಣ್ಣ ದಾರಿಗೆ ಅಡ್ಡ ನಿಂತ.

"ಅಜ್ಜಿ, ಒಂದು ಸಣ್ಣ ಮಾತು."

"ಸಣ್ಣದೋ ದೊಡ್ಡದೋ, ಸಂಜೆ ಕಂಪ್ಯೂಟರ್ ಮುಂದೆ ಕೇಳು."

"ಅಷ್ಟೆಲ್ಲ ಬೇಡ ಅಜ್ಜಿ, ಬಾಯಲ್ಲೇ ಹೇಳ್ತೀನಿ. ನೀರು ಬಿಳಿ ಗೆರೆಯಿಂದ ಕೆಳಗಿಳಿದರೆ ಬಾಗಿಲು ತೆರೆ, ಗೆರೆ ಮುಟ್ಟಿದರೆ ಬಾಗಿಲು ಮುಚ್ಚು. ಹೀಗೆ ಬರೆದಿದ್ದೀನಿ. ಸರಿ ತಾನೆ?"

ನೋಡಿದಿರಾ ಮಕ್ಕಳೇ? ಎರಡನೆಯ ಮಾತನ್ನು ಅವನು ಬರೆದೇ ಇರಲಿಲ್ಲ! ಬೇಕಂತಲೇ ಸುಳ್ಳು ಹೇಳಿದನೇ ಅಂದರೆ, ಅದೂ ಇಲ್ಲ. ತೆರೆ ಅಂದಮೇಲೆ ಮುಚ್ಚು ಅನ್ನುವುದೂ ಅದರಲ್ಲೇ ಬಂತು ಅಂತ ಅವನು ನಂಬಿಕೊಂಡಿದ್ದ. ಬರೆದದ್ದನ್ನು ಬಿಟ್ಟು ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಹೊಸದಾಗಿ ಕಲಿಯುವವರು ಮಾಡುವುದೇ ಹೀಗೆ.

"ಸರಿಯಾಗೇ ಇದೆಯಲ್ಲೋ. ಮತ್ತೇನು ತೊಡಕು?" ಅಂದಳು ಅಜ್ಜಿ.

"ಬಾಗಿಲು ಮುಚ್ಚೋದು ಸ್ವಲ್ಪ... ತಡ."

"ಕೆಂಪು ಅಕ್ಷರ ಏನಾದರೂ ಬಂತಾ?"

ಮುಳುಗಣ್ಣ ನೆಲ ನೋಡಿದ. ಬಂತು ಅಂದರೆ ಏನಂತ ಬಂತು ಅಂತ ಕೇಳುತ್ತಾಳೆ. ಓದಲಿಲ್ಲ ಅಂದರೆ ಮುಳ್ಳು ನಿಗುರುತ್ತವೆ. "ಇ... ಇಲ್ಲ ಅಜ್ಜಿ."

"ಹಾಗಾದರೆ ಹಲಗೆ ಸಂದಿಗೆ ಕೆಸರು ಸೇರಿರಬೇಕು. ಕೆರೆದು ತೆಗಿ, ಹೋಗು." ಅಜ್ಜಿ ಆಕಳಿಸಿ ಬಿಲ ಸೇರಿದಳು.

ಮಜ್ಜಿಗೆಗೆ ಬಂದವನು ಗಡಿಗೆ ಮುಚ್ಚಿಟ್ಟನಂತೆ! ಕೇಳುವುದಕ್ಕೇ ಬಂದಮೇಲೆ ಮುಚ್ಚುವುದೇನು ಬಂತು, ಹೇಳಿ? ನನಗಂತೂ ಇಲ್ಲಿಗೆ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮುಳುಗಣ್ಣ ಕೆಸರು ಕೆರೆದ. ಪಾಪ, ಶ್ರದ್ಧೆಯಿಂದಲೇ ಕೆರೆದ. ಹಲಗೆ ಥಳಥಳ ಅನ್ನುವಂತಾಯಿತು. ಇನ್ನು ಚಿಂತೆಯಿಲ್ಲ ಅಂದುಕೊಂಡು ಜೊಂಡಿನ ಹತ್ತಿರ ಬಂದ. "ಅಕ್ಕ, ಎಲ್ಲ ಸರಿಹೋಯಿತು."

"ಮುಳ್ಳಜ್ಜಿ ನೋಡಿದಳಾ?" ಕೇಳಿದಳು ಹುಂಡಕ್ಕ.

"ಸರಿಯಾಗೇ ಇದೆ ಅಂತ ಅಜ್ಜಿಯ ಬಾಯಲ್ಲೇ ಬಂತು."

ಹುಂಡಕ್ಕ ನಿಟ್ಟುಸಿರು ಬಿಟ್ಟಳು. ಬಾಗಿಲಿನ ಭಯಕ್ಕೆ ಅವಳು ಹಿಂದಿನ ದಿನದಿಂದ ಗೂಡು ಬಿಟ್ಟು ಎದ್ದೇ ಇರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಬಿಸಿಲು ಜೋರಾಗಿತ್ತು, ಮೊಟ್ಟೆಗಳು ತಣ್ಣಗಾಗುವ ಭಯವಿರಲಿಲ್ಲ. "ಹಾಗಾದರೆ ಗದ್ದೆಬದಿಗೆ ಹೋಗಿ ನಾಲ್ಕು ಹುಳ ಹೆಕ್ಕಿಕೊಂಡು ಬರ್ತೀನಿ" ಅಂದು ಹೋದಳು. ಮುಳುಗಣ್ಣ ಮೀನು ಹಿಡಿಯಲು ಹೊಳೆಗೆ ಇಳಿದ.

ಮಧ್ಯಾಹ್ನದ ಬಿಸಿಲಿಗೆ ಕೊಳದ ನೀರು ಬಿಳಿ ಗೆರೆಯಿಂದ ಸ್ವಲ್ಪ ಇಳಿಯಿತು. ಕಂಪ್ಯೂಟರ್ ತನಗೆ ಹೇಳಿದ್ದನ್ನು ಮಾಡಿತು. ಬಾಗಿಲು ತೆರೆಯಿತು. ನೀರು ಬಂತು. ಗೆರೆ ಮುಟ್ಟಿತು, ಗೆರೆ ದಾಟಿತು. ಮುಚ್ಚು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಮೊದಲು ಕಂಡವನು ಮರದ ಮೇಲಿದ್ದ ಕೆಂಚ. ಧಡಧಡ ಇಳಿದು ಹಲಗೆಯ ಮೇಲೆ ಕುಪ್ಪಳಿಸಿದ, ಮತ್ತೆ ಕುಪ್ಪಳಿಸಿದ. ಅಳಿಲಿನ ಭಾರಕ್ಕೆ ಹಲಗೆ ಅಲುಗೀತೇ? ಕೊಂಬೆಯಿಂದ ಕೊಂಬೆಗೆ ಹಾರುತ್ತ ಹೊಳೆಯತ್ತ ಓಡಿದ. "ಮುಳುಗಣ್ಣಾ! ಬಾಗಿಲು! ಬಾಗಿಲು ಮುಚ್ತಾ ಇಲ್ಲ! ಗೂಡಿಗೆ ನೀರು!"

ಮುಳುಗಣ್ಣ ಬಾಯಲ್ಲಿದ್ದ ಮೀನು ಬಿಟ್ಟು ಈಜಿದ. ಜೀವಮಾನದಲ್ಲೇ ಅಷ್ಟು ಜೋರಾಗಿ ಈಜಿರಲಿಲ್ಲ. ಹಲಗೆಯ ಮೇಲೆ ಬಿದ್ದು ಬಾಗಿಲನ್ನು ತಳ್ಳಿ ಮುಚ್ಚಿದ. ತಿರುಗಿ ನೋಡಿದರೆ ಗೂಡಿದ್ದ ಜಾಗದಲ್ಲಿ ನೀರು. ಒಡೆದ ಗೂಡಿನ ಹುಲ್ಲು ಅಲ್ಲಲ್ಲಿ ತೇಲುತ್ತಿತ್ತು. ದಡದಲ್ಲಿ ಹುಂಡಕ್ಕ ಅತ್ತಿಂದಿತ್ತ ಓಡುತ್ತ ಕೂಗುತ್ತಿದ್ದಳು.

ಅವನು ಮುಳುಗಿದ. ಕೆಸರಿನಲ್ಲಿ ತಡಕಿ ಒಂದೊಂದೇ ಮೊಟ್ಟೆಯನ್ನು ಹಲ್ಲು ತಾಗದಂತೆ ಬಾಯಲ್ಲಿ ಹಿಡಿದು ತಂದು ದಡದ ಹುಲ್ಲಿನ ಮೇಲಿಟ್ಟ. ಒಂದೂ ಒಡೆದಿರಲಿಲ್ಲ. ಎಲ್ಲವೂ ತಣ್ಣಗಿದ್ದವು. ಹುಂಡಕ್ಕ ಅವುಗಳ ಮೇಲೆ ರೆಕ್ಕೆ ಹರಡಿ ಕೂತಳು.

ಗಲಾಟೆಗೆ ಎಚ್ಚರವಾಗಿ ಮುಳ್ಳಜ್ಜಿ ಬಂದಳು. ಕಂಪ್ಯೂಟರಿನ ಮುಂದೆ ನಿಂತಳು. ಪರದೆಯ ಮೇಲೆ ಮತ್ತೆ ಕೆಂಪು ಅಕ್ಷರಗಳಿದ್ದವು.

"ಓದು" ಅಂದಳು.

ಮುಳುಗಣ್ಣ ಓದಿದ. "ಬಾಗಿಲು ಮುಚ್ಚುವ ಆಜ್ಞೆ ಇಲ್ಲ. ಬಾಗಿಲು ತೆರೆದೇ ಇದೆ."

"ನೀನು ಬರೆದದ್ದನ್ನೂ ಓದು."

ಅವನು ಆ ಒಂದೇ ಸಾಲನ್ನು ಓದಿದ. ಓದುವಾಗ ಅವನಿಗೇ ಗೊತ್ತಾಯಿತು.

"ಎರಡನೇ ಸಾಲು ಎಲ್ಲೋ?"

"ಅದು... ನನ್ನ ಮನಸ್ಸಲ್ಲಿತ್ತು ಅಜ್ಜಿ."

"ನಿನ್ನ ಮನಸ್ಸು ಕಂಪ್ಯೂಟರಿಗೆ ಕಾಣಲ್ಲ ಮಗಾ. ನನಗೂ ಕಾಣಲಿಲ್ಲ." ಬೈಯುತ್ತಾಳೆ ಅಂತ ಎಲ್ಲರೂ ಕಾದಿದ್ದರು. ಅವಳ ಮುಳ್ಳುಗಳು ನಿಗುರಲೇ ಇಲ್ಲ. "ತಪ್ಪು ನನ್ನದೂ ಇದೆ. ತೋರಿಸದೆ ಕೇಳಿದವನಿಗೆ ನೋಡದೆ ಉತ್ತರ ಕೊಟ್ಟೆ. ಇಲ್ಲಿಗೆ ಬಂದು ನೋಡಿದ್ದರೆ ಒಂದು ಕ್ಷಣದ ಕೆಲಸ. ನಿದ್ದೆ ಹೆಚ್ಚಾಯಿತು ನನಗೆ."

ಮುಳುಗಣ್ಣ ಎರಡನೆಯ ಸಾಲು ಬರೆದ. ಗೆರೆ ಮುಟ್ಟಿದರೆ ಬಾಗಿಲು ಮುಚ್ಚು. ಅದಕ್ಕೆ ಬೇಕಾದದ್ದು ಅಷ್ಟೇ. ಅಂದಿನಿಂದ ಬಾಗಿಲು ಒಮ್ಮೆಯೂ ತಪ್ಪಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ.

ಹುಂಡಕ್ಕ ಮೊಟ್ಟೆಗಳ ಮೇಲೆ ಕೂತೇ ಇದ್ದಳು. ಕೆಂಚ ಹಣ್ಣು ತಂದುಕೊಟ್ಟ, ಕಪ್ಪೆಗಳು ಅವಳ ಸುತ್ತ ವಟಗುಟ್ಟುವುದನ್ನು ನಿಲ್ಲಿಸಿದವು. ಮರಿಗಳು ಹೊರಬರುವ ಹೊತ್ತು ಬಂತು, ಆ ಹೊತ್ತು ಕಳೆದೂ ಹೋಯಿತು. ಅವಳು ಏಳಲಿಲ್ಲ. ಕೊನೆಗೊಂದು ಬೆಳಗ್ಗೆ ಎದ್ದು, ಕೊಕ್ಕಿನಿಂದ ಮೊಟ್ಟೆಗಳನ್ನು ಮೆಲ್ಲಗೆ ಹುಲ್ಲಿನಲ್ಲಿ ಮುಚ್ಚಿದಳು.

ಮುಳುಗಣ್ಣ ತಲೆತಗ್ಗಿಸಿ ಬಂದು ನಿಂತ. "ಅಕ್ಕ, ನನ್ನಿಂದ ತಪ್ಪಾಯಿತು. ನನಗೆ ಬರೋದಿಲ್ಲ ಅಂತ ಗೊತ್ತಾದರೆ ಎಲ್ಲರೂ ನಗ್ತಾರೆ ಅಂತ ಹೆದರಿದೆ. ನೀನೂ ನಗ್ತೀಯ ಅಂದುಕೊಂಡೆ."

ಹುಂಡಕ್ಕನಿಗೆ ಕೋಪವಿತ್ತು, ಆದರೆ ಕೂಗಾಡುವ ಶಕ್ತಿ ಉಳಿದಿರಲಿಲ್ಲ.

"ನಗ್ತಿರಲಿಲ್ಲ ಮುಳುಗಣ್ಣ. ಬಾಗಿಲು ಮುಚ್ತಾ ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಗದ್ದೆಗೆ ಹೋಗ್ತಿರಲಿಲ್ಲ. ನೀರು ಏರಿದ ಹಾಗೆಲ್ಲ ಜೊಂಡು ಎಳೆದೆಳೆದು ಗೂಡನ್ನ ಎತ್ತರ ಮಾಡಿಕೊಳ್ತಿದ್ದೆ. ನಮ್ಮ ಜಾತಿಯ ಹಕ್ಕಿಗೆ ಅದು ಬರುತ್ತೆ. ನಿನಗೆ ಬರದಿದ್ದರೆ ಏನಾಗ್ತಿತ್ತು? ನನಗೆ ಬರ್ತಿತ್ತಲ್ಲ."



ನೀತಿ: ನೆರವು ಕೇಳುವಾಗ ಮಾಡಿದ್ದನ್ನು ಇದ್ದ ಹಾಗೆಯೇ ತೋರಿಸಬೇಕು, ತಪ್ಪನ್ನು ಮುಚ್ಚಿಟ್ಟು ಕೇಳಿದರೆ ಬಲ್ಲವರೂ ನೆರವಾಗಲಾರರು, ನಂಬಿದವರೂ ಉಳಿಯಲಾರರು.