ಮೂರು ಹುಣ್ಣಿಮೆಯ ಅವ್ವ

ನಂಬಬೇಡಿ. ನಂಬದೇ ಇರುವ ಧೈರ್ಯವಿದ್ದರೆ ಕಡೆಗೋಟೆಗೆ ಹೋಗಿ, ಕಂಬಳಿ ನೇಯುವ ಬೀರ್ಲಿಂಗನ ತಲೆ ಇನ್ನೂ ಕತ್ತಿನ ಮೇಲಿದೆಯೋ ಇಲ್ಲವೋ ನೋಡಿ ಬನ್ನಿ. ಇದೆ. ಆ ಬೀರ್ಲಿಂಗ ನಾನೇ.

ಆ ಊರಲ್ಲಿ ಹುಣ್ಣಿಮೆಗೊಮ್ಮೆ ಡಂಗುರ ಸಾರುತ್ತಿದ್ದರು: “ಕೇಳ್ರಪ್ಪೋ ಕೇಳ್ರಿ! ಹೊರನಾಡಿನಿಂದ ದುಡಿಯಲು ಬಂದವರು ಕೋಟೆಯೊಳಗೆ ಇರಬಹುದು. ಅವರನ್ನು ಹೆತ್ತವರು ನೋಡಲು ಬಂದರೆ ಮೂರು ಹುಣ್ಣಿಮೆ ಇದ್ದು ಹೊರಡತಕ್ಕದ್ದು. ಕಾಯಂ ಇರಿಸಿಕೊಳ್ಳಬೇಕೆಂದರೆ ಪಟ್ಟಿಯಲ್ಲಿ ಹೆಸರು ಬರೆಸಿ ಸರದಿ ಕಾಯತಕ್ಕದ್ದು. ಕಾಯಲಾರದವರು ಮಹಾರಾಜರ ಮೂರು ಒಗಟು ಒಡೆಯಬಹುದು. ಒಡೆದರೆ ಹೆತ್ತವರು ಒಳಗೆ, ತಪ್ಪಿದರೆ ತಲೆ ಹೊರಗೆ!”

ಎಂಥ ಧಾರಾಳ, ನೋಡಿ! ಅದು ದೊರೆ ಚಂಡವರ್ಮನ ಅಪ್ಪ ಕಟ್ಟಿಸಿದ ಹೊಸ ಕೋಟೆ. ಒಳಗಿದ್ದವರೆಲ್ಲ ಎಲ್ಲಿಂದಲೋ ಬಂದವರೇ. ಆದರೂ ಮುದುಕರೆಂದರೆ ಕೋಟೆಗೆ ಭಾರವಂತೆ. ಬೀದಿ ಬೀದಿ ಹುಡುಕಿದರೂ ಒಂದು ನೆರೆತ ತಲೆ ಸಿಗುತ್ತಿರಲಿಲ್ಲ. ನನ್ನನ್ನು ಮಾತ್ರ ಹೇಳಿಕಳಿಸಿ ಕರೆಸಿಕೊಂಡಿದ್ದರು. ಅವರ ಸೈನಿಕರಿಗೆ ಚಳಿಯಂತೆ, ಏಳು ನಾಡಿನಲ್ಲಿ ನನ್ನಂಥ ನೇಕಾರನಿಲ್ಲವಲ್ಲ!

ನಾವು ಕುರಿ ಹಿಂದೆ ಊರೂರು ನಡೆಯುವ ಮಂದಿ. ನಮ್ಮವ್ವ ಹಾಲವ್ವನ ಮೊಣಕಾಲು ಸೋತಿತು, ಹಿಂಡು ಮುಂದೆ ಹೋಯಿತು. ಅವಳು ನನ್ನ ಹತ್ತಿರ ಬಂದಳು. ಎರಡು ಹುಣ್ಣಿಮೆ ಕಳೆದವು. ಮೂರನೆಯದು ನಾಳೆ ಅನ್ನುವಾಗ ಪಟ್ಟಿ ಬರೆಯುವ ಕರಣಿಕನ ಮುಂದೆ ನಿಂತೆ.

“ಬರೆಸಪ್ಪ. ಇಪ್ಪತ್ತೆರಡು ವರ್ಷಕ್ಕೆ ಸರದಿ ಬರುತ್ತದೆ.”

“ಅವ್ವನಿಗೆ ಈಗಲೇ ಎಪ್ಪತ್ತು, ಸ್ವಾಮಿ.”

“ಹಾಗಾದರೆ ಬೇಗ ಬರೆಸು.”

ಇಂಥ ತಲೆಗಳು ರಾಜ್ಯ ನಡೆಸುತ್ತವೆ! ಥೂ ಅಂದುಕೊಂಡು ಮನೆಗೆ ಬಂದರೆ ಅವ್ವ ಗಂಟು ಕಟ್ಟುತ್ತಿದ್ದಾಳೆ. ನನ್ನ ಮಗ್ಗದ ಮೇಲೆ ಮೊಸರು ಮೆತ್ತಿದ ಚಿಂದಿಬಟ್ಟೆ ಒಣಹಾಕಿದ್ದಾಳೆ.

“ಏನವ್ವ ಈ ಹೊಲಸು?”

“ದಾರಿಗೆ ಬೇಕೋ. ನಿನಗೇನು ಗೊತ್ತು, ಕೋಟೆ ಸೇರಿದ ಮೇಲೆ ದೊಡ್ಡ ಸಾಹೇಬ ಆಗಿದೀಯ.”

“ನೀನು ಎಲ್ಲಿಗೂ ಹೋಗಲ್ಲ. ಒಗಟು ಒಡೀತೀನಿ.”

ಅವ್ವನ ಕೈ ನಿಂತಿತು. “ನನಗೆ ಮರದ ಬುಡ ಆದರೂ ಆದೀತು ಮಗಾ. ನಿನ್ನ ತಲೆ ಹೋದರೆ ನಾನು ಎಲ್ಲಿರಲಿ?”

ಆದರೂ ದೊರೆಯ ಸಭೆಗೆ ಹೋದೆ. ನನಗಿಂತ ಮುಂದೆ ಇಬ್ಬರು ನಿಂತಿದ್ದರು, ಅಪ್ಪನಿಗಾಗಿ ಬಂದ ಜವಳಿ ವರ್ತಕ ಧರಣೇಂದ್ರ, ತಾಯಿಗಾಗಿ ಬಂದ ಪಂಡಿತ ಶ್ರೀಕಂಠ. ನನ್ನ ಕಂಬಳಿಯ ವಾಸನೆಗೆ ಇಬ್ಬರೂ ಮೂಗು ಮುಚ್ಚಿಕೊಂಡರು.

ದೊರೆ ಮೀಸೆ ತಿರುವಿ ಕೇಳಿದ: “ಒಂದು ಮನೆಯಲ್ಲಿ ಇಬ್ಬರು. ಒಬ್ಬ ತಿರುಗುತ್ತಾನೆ, ಗದ್ದಲ ಮಾಡುತ್ತಾನೆ. ಇನ್ನೊಬ್ಬ ಕೂತಲ್ಲಿಂದ ಏಳುವುದಿಲ್ಲ. ಕೂತವನನ್ನು ಹೊರಗೆ ಹಾಕಿದರೆ ಮನೆಮಂದಿಗೆಲ್ಲ ಉಪವಾಸ. ಯಾರವರು?”

ವರ್ತಕ ಎದೆಯುಬ್ಬಿಸಿದ: “ತಿರುಗುವವನು ಗುಮಾಸ್ತ, ಕೂತವನು ಯಜಮಾನ!”

ಅವನ ಕೈ ಕಟ್ಟಿದರು. ಸಂಜೆಗೆ ತಲೆ ಎಂದರು.

ಪಂಡಿತ ಕಣ್ಣು ಮುಚ್ಚಿ ನುಡಿದ: “ತಿರುಗುವವನು ಜೀವಾತ್ಮ, ಕೂತವನು ಪರಮಾತ್ಮ.”

ಅವನ ಕೈಯನ್ನೂ ಕಟ್ಟಿದರು. ಅಷ್ಟು ಓದಿ ಇಷ್ಟೇನಾ!

“ಬೀಸುಕಲ್ಲು, ಮಹಾರಾಜ,” ಎಂದೆ ನಾನು. “ಮೇಲಿನ ಕಲ್ಲು ತಿರುಗಿ ಸದ್ದು ಮಾಡುತ್ತೆ. ಕೆಳಗಿನದು ಸುಮ್ಮನೆ ಕೂತಿರುತ್ತೆ. ಅದನ್ನ ಎತ್ತಿ ಎಸೆದರೆ ಹಿಟ್ಟೆಲ್ಲಿ, ರೊಟ್ಟಿಯೆಲ್ಲಿ?”

ದೊರೆ ಮೀಸೆ ತಿರುವುವುದನ್ನು ನಿಲ್ಲಿಸಿದ. “ಕುಣಿದಷ್ಟೂ ಹೊಟ್ಟೆ ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಬಿಚ್ಚಿ ಬೆತ್ತಲೆ ಮಾಡಿ ಮತ್ತೆ ಕುಣಿಸುತ್ತಾರೆ. ಏನದು?”

ನನಗೆ ನಗು ತಡೆಯಲಾಗಲಿಲ್ಲ. “ನೂಲುವ ಕದಿರು. ತಿರುಗಿದಷ್ಟೂ ನೂಲು ಸುತ್ತಿಕೊಳ್ಳುತ್ತೆ, ತುಂಬಿದ ಮೇಲೆ ಬಿಚ್ಚಿ ಉಂಡೆ ಮಾಡ್ತೀವಿ. ನಮ್ಮಲ್ಲಿ ನೂಲೋದು ಮುದುಕಿಯರು, ನೇಯೋದು ನಾವು. ನಿಮ್ಮ ಸೈನಿಕರು ಹೊದ್ದಿರೋದು ನಮ್ಮವ್ವ ನೂತ ನೂಲು.”

ಸಭೆ ಗುಜುಗುಜು ಎಂದಿತು. ದೊರೆ ಮುಂದಕ್ಕೆ ಬಗ್ಗಿದ. “ಕಡೆಯದು. ನಿನ್ನೆಯದು ಒಂದಿಷ್ಟು ಉಳಿದರೆ ಇವತ್ತಿನದು ಗಟ್ಟಿಯಾಗಿ ನಿಲ್ಲುತ್ತದೆ. ನಿನ್ನೆಯದನ್ನು ಪೂರ್ತಿ ಹೊರಗೆ ಚೆಲ್ಲಿದರೆ ಇವತ್ತಿನದು ಕೆಟ್ಟು ನಾರುತ್ತದೆ. ಏನದು?”

ಸುಳ್ಳು ಯಾಕೆ ಹೇಳಲಿ, ನಾನೂ ಕತ್ತಲಲ್ಲಿ ತಡಕಾಡಿದೆ. ಕೀರ್ತಿಯೇ? ವಂಶವೇ? ಪಂಡಿತನ ಗಾಳಿ ನನಗೂ ಬಡಿಯಿತೇನೋ. ತಲೆ ಕಡಿಯುವ ಕಟುಕ ಆಗಲೇ ನನ್ನ ಕತ್ತನ್ನು ಅಳೆಯುವ ಹಾಗೆ ನೋಡುತ್ತಿದ್ದ. ಅಷ್ಟರಲ್ಲಿ ಮಗ್ಗದ ಮೇಲಿನ ಆ ಹೊಲಸು ಬಟ್ಟೆ ಕಣ್ಣಿಗೆ ಕಟ್ಟಿತು.

“ಹೆಪ್ಪು!” ಎಂದು ಕೂಗಿದೆ. “ನಿನ್ನೆಯ ಮೊಸರು ಒಂದಿಷ್ಟು ಬಿದ್ದರೆ ಇವತ್ತಿನ ಹಾಲು ಮೊಸರಾಗುತ್ತೆ, ಇಲ್ಲದಿದ್ದರೆ ಒಡೆದು ನಾರುತ್ತೆ. ನಮ್ಮ ಹೆಂಗಸರು ಬಟ್ಟೆಯನ್ನ ಮೊಸರಲ್ಲಿ ಅದ್ದಿ, ಒಣಗಿಸಿ, ಗಂಟಲ್ಲಿಟ್ಟುಕೊಂಡು ನಡೀತಾರೆ. ಮುಂದಿನ ಊರಲ್ಲಿ ಅದನ್ನ ಹಾಲಿಗೆ ಹಾಕಿದರೆ ಸಾಕು.”

ದೊರೆ ಬೆಪ್ಪಾದ. “ಈ ಕೋಟೆಯಲ್ಲಿ ಇದು ಯಾರಿಗೂ ತಿಳಿಯದಲ್ಲ!”

“ಹೇಗೆ ತಿಳೀಬೇಕು? ಇವೆಲ್ಲ ಮುದುಕಿಯರು ಹೇಳೋ ಒಗಟು. ಅವರನ್ನೆಲ್ಲ ಹೊರಗಿಟ್ಟಿದ್ದೀರಲ್ಲ. ನಿಮಗೆ ಯಾರು ಹೇಳಿಕೊಟ್ಟಿದ್ದು?”

“ನನ್ನಜ್ಜಿ. ತಾಯಿಯ ತಾಯಿ.”

“ಈಗ ಎಲ್ಲಿದ್ದಾರೆ?”

ದೊರೆ ಕರಣಿಕನ ಕಡೆ ತಿರುಗಿದ. ಆ ಪುಣ್ಯಾತ್ಮ ಕರಣಿಕ ಹಾಳೆ ತಿರುವಿ ಹೇಳಿದ: “ಹೊರನಾಡಿನವರು, ಪ್ರಭು. ಪಟ್ಟಿಯಲ್ಲಿದ್ದಾರೆ. ಎಂಟುನೂರ ಹನ್ನೆರಡನೇ ಹೆಸರು.”

ಯಾರೂ ನಗಲಿಲ್ಲ. ನಾನು ನಕ್ಕೆ.

ಮಧ್ಯಾಹ್ನದೊಳಗೆ ಅಜ್ಜಿಗಾಗಿ ಪಲ್ಲಕ್ಕಿ ಹೊರಟಿತು. ಅದರ ಹಿಂದೆ ಪಟ್ಟಿಯೂ ಹೊರಟಿತು, ಒಲೆಗೆ. ವರ್ತಕನಿಗೂ ಪಂಡಿತನಿಗೂ ತಲೆ ಉಳಿಯಿತು. ಉಳಿದು ಏನು ಉಪಯೋಗವೋ, ಅವರೇ ಹೇಳಬೇಕು.

ಅರ್ಧ ರಾಜ್ಯ ಸಿಕ್ಕಿತೇ, ರಾಜಕುಮಾರಿ ಸಿಕ್ಕಳೇ ಎಂದು ಕೇಳಬೇಡಿ. ನನಗೆ ಕೊಟ್ಟಿದ್ದು ಕೋಟೆಯಲ್ಲಿರಲು ಅವ್ವನ ಹೆಸರು ಕೆತ್ತಿದ ಒಂದು ತಾಮ್ರದ ಬಿಲ್ಲೆ. ಅದರ ಮೇಲೆ ಯಾವ ಹುಣ್ಣಿಮೆಯ ಗಡುವೂ ಇರಲಿಲ್ಲ.