ಕೂಗದ ಡಿಫೆಂಡರ್

"ಗುರುಗಳೇ, ಕೊಟ್ರೇಶನನ್ನು ಊರಿಗೆ ಕಳಿಸಿಬಿಡಲೇ?" ಎಂದು ಮರುಳಸಿದ್ಧ ಕೇಳಿದ.

ಮರುದಿನದಿಂದ ಮಠದ ಪಾಠಶಾಲೆ ಅವನ ಕೈಗೆ ಬರುವುದಿತ್ತು. ಎಂಟು ವರ್ಷ ಓದಿ, ಯಾವ ಪಾಠದಲ್ಲೂ ಎಡವದೆ ಆ ಯೋಗ್ಯತೆ ಗಳಿಸಿದ್ದ. ಅಲ್ಲಿಯ ವಿದ್ಯಾರ್ಥಿ ಕೊಟ್ರೇಶನೋ, ದಿನಕ್ಕೆ ಹತ್ತು ಸಲ ಬಂದು 'ಇದು ತಿಳಿಯಲಿಲ್ಲ, ಅದು ತಿಳಿಯಲಿಲ್ಲ' ಎಂದು ಎಲ್ಲರ ತಲೆ ತಿನ್ನುವವನು. ಅಂಥವನಿಂದ ಪಾಠಶಾಲೆಗೆ ಕೆಟ್ಟ ಹೆಸರು ಬಂದೀತು ಎಂಬುದು ಮರುಳಸಿದ್ಧನ ಚಿಂತೆ.

ಗುರುಗಳು ಅದಕ್ಕೊಂದು ಕತೆ ಹೇಳಿದರು. ಶಾಸ್ತ್ರದ ಕತೆಯಲ್ಲ, ಫುಟ್‌ಬಾಲಿನ ಕತೆ.

ಒಂದು ಊರಿನಲ್ಲಿ ಒಂದು ತಂಡವಿತ್ತು. ಅದರ ಗೋಲಿನ ಮುಂದೆ ಇಬ್ಬರು ಡಿಫೆಂಡರುಗಳು ನಿಲ್ಲುತ್ತಿದ್ದರು. ಎಡಗಡೆಯವನು ಗಟ್ಟಿಗ. ಅವನನ್ನು ದಾಟಿ ಚೆಂಡು ಹೋದದ್ದನ್ನು ಊರವರು ಕಂಡಿರಲಿಲ್ಲ. ಬಲಗಡೆಯವನ ಕಾಲು ನಿಧಾನ. ಎದುರಾಳಿ ಇನ್ನೂ ಹತ್ತು ಮಾರು ದೂರವಿರುವಾಗಲೇ ಅವನು "ಬರ್ರೋ, ನನ್ನ ಕೈಲಿ ಆಗಲ್ಲ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ನಡುವಿನ ಆಟಗಾರರು ಬೈಯುತ್ತಲೇ ಓಡಿಬರುತ್ತಿದ್ದರು. ಎಡಗಡೆಯವನಿಗೆ ಆ ಕೂಗು ಕೇಳಿದರೆ ನಾಚಿಕೆ. ಗಂಡಸಾದವನು ಹೀಗೂ ಕೂಗಿಕೊಳ್ಳುತ್ತಾನೆಯೇ ಎಂದುಕೊಳ್ಳುತ್ತಿದ್ದ.

ಎದುರಾಳಿಗಳು ಬಲಗಡೆಯೇ ಸಲೀಸೆಂದು ಅಲ್ಲಿಯೇ ನುಗ್ಗುತ್ತಿದ್ದರು. ನುಗ್ಗಿದಾಗಲೆಲ್ಲ ಅಲ್ಲಿ ಒಬ್ಬನ ಬದಲು ಮೂವರು. ಜನ ಆ ಮೂಲೆಗೆ ಸಂತೆಯೆಂದೇ ಹೆಸರಿಟ್ಟು ನಗುತ್ತಿದ್ದರು. ಆದರೆ ಆ ಸಂತೆ ದಾಟಿ ಗೋಲು ಹೊಡೆದವರು ಯಾರೂ ಇರಲಿಲ್ಲ.

ಕೊನೆಯ ಪಂದ್ಯ ಬಂತು. ಗೋಲು ಬಿಟ್ಟುಕೊಡದಿದ್ದರೆ ಸಾಕು, ಕಪ್ ಇವರದೇ. ಆಟ ಮುಗಿಯಲು ಐದು ನಿಮಿಷವಿರುವಾಗ ಎಡಗಡೆಯವನ ಮೀನಖಂಡ ಹಿಡಿದುಕೊಂಡಿತು. ಹೆಜ್ಜೆ ಎತ್ತಲಾಗಲಿಲ್ಲ. ಅದೇ ಹೊತ್ತಿಗೆ ಚೆಂಡು ಅವನ ಕಡೆ ಬಂತು. ಅವನಿಗೆ ಭಯವಾಯಿತು. ಕೂಗಬೇಕೆಂದು ಬಾಯಿ ತೆರೆದ. ಯಾರ ಹೆಸರು ಹಿಡಿದು ಕೂಗುವುದು? ತಂಡ ಸೇರಿದ ಆರು ವರ್ಷದಲ್ಲಿ ಒಮ್ಮೆಯೂ ಕೂಗಿದವನಲ್ಲ. ನಡುವಿನವರು ರೂಢಿಯಂತೆ ಬಲಗಡೆಗೇ ಕಿವಿಗೊಟ್ಟು ನಿಂತಿದ್ದರು. ಅವನು ಬಾಯಿ ಮುಚ್ಚಿಕೊಂಡ. ಎದುರಾಳಿ ಅವನ ಪಕ್ಕದಲ್ಲೇ ಹಾದು ಹೋಗಿ ಗೋಲು ಹೊಡೆದ. ಕಪ್ ಕೈತಪ್ಪಿತು.

ಆಟ ಮುಗಿದ ಮೇಲೆ ಕೋಚ್ ಬಂದು ಅವನ ಕಾಲು ನೀವುತ್ತ, "ಒಂದು ಕೂಗು ಹಾಕಬಾರದಿತ್ತೇನೋ? ನಾಲ್ಕು ಜನ ಅಲ್ಲೇ ಇದ್ರಲ್ಲ!" ಎಂದ.

"ಕೂಗೋದು ಅವನ ಕೆಲಸ ಅಂದ್ಕೊಂಡಿದ್ದೆ ಸಾರ್," ಎಂದು ಎಡಗಡೆಯವನು ಅತ್ತುಬಿಟ್ಟ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಮರುಳಸಿದ್ಧನಿಗೆ ಸಮಾಧಾನವಾಯಿತು. ಒಗಟು ಬಿಡಿಸಿದವನ ಹಾಗೆ ತಲೆಯಾಡಿಸಿದ.

"ಅರ್ಥವಾಯಿತು ಗುರುಗಳೇ. ಕೊಟ್ರೇಶ ಇಲ್ಲಿಯೇ ಇರಲಿ. ಕೇಳುತ್ತ ಕೇಳುತ್ತ ಕಲಿತಾನು," ಎಂದು ನಮಸ್ಕರಿಸಿ ಏಳಹೊರಟ.

ಗುರುಗಳು ಅವನ ಕೈ ಹಿಡಿದು ಕೂರಿಸಿದರು.

"ನನಗೆ ಕೊಟ್ರೇಶನ ಚಿಂತೆಯಿಲ್ಲ ಮಗು, ಎಂಟು ವರ್ಷದಲ್ಲಿ ಒಮ್ಮೆಯೂ 'ತಿಳಿಯಲಿಲ್ಲ' ಎಂದು ಬಾರದ ನಿನ್ನ ಚಿಂತೆ."